ಮತದ ಲೆಕ್ಕವೋ, ಕಡತದ ಓದೋ?

ವಿಶ್ವಸಂಸ್ಥೆಯ ಬಗ್ಗೆ ಸಂಶೋಧನೆ ಮಾಡಬೇಕು ಅಂತಿದ್ದೀರಾ? ವಿಷಯಕ್ಕಿಂತ ಮೊದಲು ದಾರಿ ಗೊತ್ತು ಮಾಡಿಕೊಳ್ಳಿ.

ಮತಗಳ ಅಂಕಿಅಂಶ ಕೈಗೆ ಬೇಗ ಸಿಗುತ್ತದೆ. ಮಹಾಸಭೆಯಲ್ಲಿ 193 ದೇಶಗಳು, ಪ್ರತಿಯೊಂದಕ್ಕೂ ಒಂದೊಂದು ಮತ. 1946ರಿಂದಲೂ ದಾಖಲೆ ಇದೆ. ಯಾರು ಯಾರ ಜೊತೆ ನಿಲ್ಲುತ್ತಾರೆ ಅನ್ನೋದನ್ನು ದಶಕಗಟ್ಟಲೆ ಹೋಲಿಸಬಹುದು. ಆದರೆ ಬಹಳಷ್ಟು ನಿರ್ಣಯಗಳು ಮತಕ್ಕೇ ಹೋಗುವುದಿಲ್ಲ, ಒಮ್ಮತದಲ್ಲೇ ಮುಗಿಯುತ್ತವೆ. ಅವು ನಿಮ್ಮ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ರಷ್ಯಾ ಉಕ್ರೇನ್‌ನಿಂದ ಸೇನೆ ಹಿಂತೆಗೆಯಬೇಕು ಎಂದ 2022ರ ಮಾರ್ಚ್ 2ರ ನಿರ್ಣಯವನ್ನೇ ನೋಡಿ. ಪರ 141, ವಿರೋಧ 5, ತಟಸ್ಥ 35. ಆ 35ರಲ್ಲಿ ಚೀನಾ, ಭಾರತ, ದಕ್ಷಿಣ ಆಫ್ರಿಕಾ ಮೂರೂ ಇವೆ. ಮೂವರ ಕಾರಣವೂ ಒಂದೇ ಅಲ್ಲ, ಅಲ್ವಾ? ಕೋಷ್ಟಕದಲ್ಲಿ ಮಾತ್ರ ಮೂವರಿಗೂ ಒಂದೇ ಗುರುತು. ಇನ್ನು 12 ದೇಶಗಳು ಮತವನ್ನೇ ಹಾಕಲಿಲ್ಲ. ಅದನ್ನು ಏನಂತ ಎಣಿಸೋದು?

ಆ ಕಾರಣಗಳೇ ಬೇಕಿದ್ದರೆ ಕಡತ, ಸಂದರ್ಶನಗಳ ದಾರಿ ಹಿಡಿಯಿರಿ. ಕರಡಿನಲ್ಲಿ ಒಂದು ಪದ ಯಾಕೆ ಬದಲಾಯಿತು, ಯಾರು ಪಟ್ಟು ಹಿಡಿದರು ಅನ್ನೋದು ಅಲ್ಲಿ ಸಿಗುತ್ತದೆ. ಕಷ್ಟವೂ ಜಾಸ್ತಿ. ಎಷ್ಟೋ ಸರ್ಕಾರಗಳು ಕಡತ ತೆರೆಯಲು 20–30 ವರ್ಷ ಕಾಯಿಸುತ್ತವೆ. ಭದ್ರತಾ ಮಂಡಳಿಯ 15 ಸದಸ್ಯರು ಮುಚ್ಚಿದ ಬಾಗಿಲ ಹಿಂದೆ ನಡೆಸುವ ಅನೌಪಚಾರಿಕ ಸಮಾಲೋಚನೆಗಂತೂ ಅಧಿಕೃತ ನಡಾವಳಿಯೇ ಇರುವುದಿಲ್ಲ. ನಿವೃತ್ತ ರಾಜತಾಂತ್ರಿಕರು ಮಾತಾಡುತ್ತಾರೆ, ಆದರೆ ತಮ್ಮ ಪಾತ್ರವನ್ನು ಸ್ವಲ್ಪ ದೊಡ್ಡದು ಮಾಡಿಯೇ ಹೇಳುತ್ತಾರೆ.

ಒಂದೇ ವರ್ಷ ಸಮಯವಿದ್ದರೆ ಮತಗಳ ಲೆಕ್ಕ ಸಾಕು. ಮೂರು ವರ್ಷ ಕೈಯಲ್ಲಿದ್ದು, ಎರಡನೇ ಭಾಷೆಯೊಂದು ಓದಲು ಬಂದರೆ, ನಾನಾದರೆ ಕಡತಕ್ಕೇ ಹೋಗುತ್ತೇನೆ.