ಲಗ್ನಪತ್ರಿಕೆ ಅಂಗಡಿಯಲ್ಲಿ ನನ್ನ ಪೋರ್ಟ್‌ಫೋಲಿಯೋ: ಹಾಸನದ ಒಂದು ಪ್ರಿಂಟಿಂಗ್ ಅಂಗಡಿಯ ಬಗ್ಗೆ

ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ಒಂದು ಓಣಿಯಲ್ಲಿ ಈ ಅಂಗಡಿ ಇದೆ. ಬೋರ್ಡ್ ಮೇಲೆ ಹೆಸರಿಲ್ಲ. 'ಲಗ್ನಪತ್ರಿಕೆ, ಡಿಟಿಪಿ, ಕಲರ್ ಪ್ರಿಂಟ್, ಬೈಂಡಿಂಗ್' ಅಂತಷ್ಟೇ ಬರೆದಿದೆ. ಎಂ.ಡೆಸ್‌ಗೆ (ಡಿಸೈನ್ ವಿಷಯದ ಸ್ನಾತಕೋತ್ತರ ಪದವಿ) ಅರ್ಜಿ ಹಾಕುತ್ತಿರುವ ನಮ್ಮ ಜಿಲ್ಲೆಯವರಿಗೆ ಗೊತ್ತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಪೋರ್ಟ್‌ಫೋಲಿಯೋ, ಅಂದರೆ ನಾವು ಮಾಡಿದ ಕೆಲಸಗಳ ಪುಸ್ತಕ, ಪ್ರಿಂಟ್ ಮಾಡಿಸೋಕೆ ಬೆಂಗಳೂರಿಗೇ ಹೋಗಬೇಕು ಅಂತ ನನಗೂ ಎಲ್ಲರೂ ಹೇಳಿದ್ದರು. ಹೋಗಬೇಕಾಗಿಲ್ಲ.

ನಾನು ಪತ್ರಿಕೋದ್ಯಮದಲ್ಲಿ ಬಿ.ಎ. ಮಾಡಿದವಳು. ಎರಡು ವರ್ಷ ಇಲ್ಲೇ ಒಂದು ಕೇಬಲ್ ಚಾನೆಲ್‌ಗೆ ವಿಡಿಯೋ ಎಡಿಟ್ ಮಾಡಿದ್ದೇನೆ. ಡಿಸೈನ್ ಅನ್ನುವುದು ಚಿತ್ರಕಲೆ ಕಲಿತವರಿಗೆ ಮಾತ್ರ ಅಂದುಕೊಂಡಿದ್ದೆ. ಎಂ.ಡೆಸ್ ಪ್ರವೇಶಕ್ಕೆ ಐಐಟಿ ಬಾಂಬೆ ನಡೆಸುವ ಸೀಡ್ (CEED) ಪರೀಕ್ಷೆಗೆ ಮೂರು ವರ್ಷದ ಪದವಿ ಯಾವ ವಿಷಯದಲ್ಲಿದ್ದರೂ ನಡೆಯುತ್ತದೆ, ವಯಸ್ಸಿನ ಮಿತಿಯೂ ಇಲ್ಲ ಅಂತ ಗೊತ್ತಾದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜನವರಿಯಲ್ಲಿ ಬೆಂಗಳೂರಿಗೆ ಹೋಗಿ ಬರೆದೆ. ಒಟ್ಟು 3 ಗಂಟೆ. ಮೊದಲ ಭಾಗ ಕಂಪ್ಯೂಟರಿನಲ್ಲಿ, ಎರಡನೆಯದು ಕಾಗದದ ಮೇಲೆ ಕೈಯಲ್ಲೇ ಬಿಡಿಸಬೇಕು. ಕೊನೆಯ ಅಂಕದಲ್ಲಿ ಶೇ. 75 ಈ ಎರಡನೇ ಭಾಗದ್ದು.

ಸೀಡ್ ಪಾಸಾದ ಕೂಡಲೇ ಸೀಟು ಸಿಗುವುದಿಲ್ಲ. ಒಂದೊಂದು ಸಂಸ್ಥೆಗೂ ಬೇರೆಯಾಗಿ ಅರ್ಜಿ ಹಾಕಬೇಕು. ಎನ್‌ಐಡಿಗಾದರೆ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಪರೀಕ್ಷೆಯೇ ಬೇರೆ. ನನಗೆ ತುಂಬಾ ಆಸೆ ಇರುವ ನ್ಯೂ ಮೀಡಿಯಾ ಡಿಸೈನ್ ಕೋರ್ಸ್ ಗುಜರಾತಿನಲ್ಲಿರುವ ಅವರ ಗಾಂಧಿನಗರ ಕ್ಯಾಂಪಸ್‌ನಲ್ಲಿದೆ. ಸಂದರ್ಶನ ಅಂತ ಬಂದರೆ ಮಾತೆಲ್ಲ ನಾವು ಮಾಡಿದ ಕೆಲಸದ ಸುತ್ತಲೇ. ಪಿಡಿಎಫ್ ಸಾಕಾಗಲ್ವಾ ಅಂತ ನೀವು ಕೇಳಬಹುದು. ಅಪ್‌ಲೋಡ್ ಮಾಡುವುದಕ್ಕೆ ಸಾಕು. ಎದುರು ಕೂತಾಗ ಕೈಗೆ ಕೊಡಲು ಒಂದು ಪುಸ್ತಕ ಇರಲಿ ಅಂತ ನನ್ನ ಆಸೆ.

ಮೊದಲು ಬೇರೆ ಒಂದು ಅಂಗಡಿಗೆ ಹೋಗಿದ್ದೆ. ಪೆನ್‌ಡ್ರೈವ್ ಹಾಕಿ, ಫೈಲ್ ತೆರೆದೂ ನೋಡದೆ ಪ್ರಿಂಟ್ ಕೊಟ್ಟರು. ಸುತ್ತ ಬಿಳಿ ಅಂಚು ಉಳಿದಿತ್ತು. ಫೋಟೋದಲ್ಲಿದ್ದ ಸಂಜೆಯ ನೀಲಿ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೇಳಿದರೆ 'ನಿಮ್ಮ ಫೈಲೇ ಹಂಗಿದೆ' ಅಂದರು. ತಿಂಗಳುಗಟ್ಟಲೆ ಮಾಡಿದ ಕೆಲಸ ಆ ರೀತಿ ಕಾಗದದ ಮೇಲೆ ಬಂದಿದ್ದು ನೋಡಿ ಅಳು ಬಂತು.

ಅಲ್ಲಿಂದ ನಡೆದು ಬರುವಾಗ ಈ ಓಣಿ. ಅಂಗಡಿಯವರಿಗೆ ಐವತ್ತರ ಮೇಲೆ ವಯಸ್ಸು. ಅವರ ಹೆಂಡತಿ ಒಳಗೆ ಕೂತು ಕಾರ್ಡ್‌ಗಳಿಗೆ ದಾರ ಪೋಣಿಸುತ್ತಿದ್ದರು. ಅಂಗಡಿಯವರು ನನ್ನ ಫೈಲ್ ತೆರೆದು ಒಂದೊಂದೇ ಪುಟ ನಿಧಾನವಾಗಿ ಓದಿದರು. ನಿಜವಾಗಿಯೂ ಓದಿದರು. ಒಂಬತ್ತನೇ ಪುಟಕ್ಕೆ ನಿಂತರು.

"ನೋಡಮ್ಮ, ಶೆಟ್ಟಿಹಳ್ಳಿಯ ಒತ್ತು ಬಿಟ್ಟುಹೋಗಿದೆ."

ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿ ಚರ್ಚನ್ನು ನಾನು ಒಂದು ವರ್ಷ, ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆದಿದ್ದೆ. ನೀರು ಏರಿ ಇಳಿಯುವುದು ಪುಟ ತಿರುಗಿಸಿದಂತೆ ಕಾಣುತ್ತದೆ. ಅದರ ಶೀರ್ಷಿಕೆಯಲ್ಲೇ ಟ-ಒತ್ತು ಕೆಳಗೆ ಹೋಗದೆ ಪಕ್ಕದಲ್ಲಿ ನಿಂತಿತ್ತು. ಹದಿನೈದು ಸಲ ನೋಡಿದ ಪುಟ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಲಗ್ನಪತ್ರಿಕೇಲಿ ಹುಡುಗಿ ಹೆಸರಿನ ಒತ್ತು ಹೋದ್ರೆ ಬೀಗರು ಸುಮ್ನೆ ಬಿಡ್ತಾರಾ? ನನಗೆ ಮೊದಲು ಕಾಣೋದೇ ಅದು," ಅಂದರು.

ಇನ್‌ಡಿಸೈನ್ ಅನ್ನುವ ಪುಟ ವಿನ್ಯಾಸದ ಸಾಫ್ಟ್‌ವೇರ್ ಬಳಸುವವರು ಇದನ್ನು ನೆನಪಿಟ್ಟುಕೊಳ್ಳಿ. ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಕನ್ನಡದ ಒತ್ತಕ್ಷರ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ನಾನು ಬೇರೆ ಪುಟಗಳಲ್ಲಿ ಆರಿಸಿದ್ದೆ, ಆ ಶೀರ್ಷಿಕೆಗೆ ಮರೆತಿದ್ದೆ. ಮನೆಗೆ ಬಂದು ಸರಿಮಾಡಿ ಮಾರನೇ ದಿನ ಮತ್ತೆ ಹೋದೆ. ನಾನು ಬಳಸಿದ ಫಾಂಟ್ ಅನೇಕ್ ಕನ್ನಡ. ಉಚಿತವಾಗಿ ಸಿಗುತ್ತದೆ, ಸಣ್ಣ ಸೈಜಿನಲ್ಲೂ ಒತ್ತು ಚೆನ್ನಾಗಿ ಕಾಣುತ್ತದೆ.

ಎರಡನೇ ದಿನ ಅವರು ಪ್ರಿಂಟ್ ತೆಗೆಯಲೇ ಇಲ್ಲ. ಕಾರ್ಡ್ ಕತ್ತರಿಸಿ ಉಳಿದ ಕಾಗದವನ್ನು ಮಡಚಿ ಒಂದು ಪುಟ್ಟ ಡಮ್ಮಿ ಪುಸ್ತಕ ಮಾಡಿದರು. ಪುಟದ ನಂಬರ್ ಪೆನ್ಸಿಲ್‌ನಲ್ಲಿ ಬರೆದರು. ಸೆಂಟರ್ ಪಿನ್, ಅಂದರೆ ಮಡಿಕೆಯ ನಡುವೆ ಪಿನ್, ಹೊಡೆಯಬೇಕಿದ್ದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. ನನ್ನದು 30 ಪುಟ.

"ಎರಡು ಸೇರಿಸ್ತೀಯೋ, ಎರಡು ತೆಗೀತೀಯೋ?"

ಅಲ್ಲೇ ಸ್ಟೂಲ್ ಮೇಲೆ ಅರ್ಧ ಗಂಟೆ ಕೂತು ಯೋಚಿಸಿದೆ. ಕೊನೆಗೆ ನಾಲ್ಕು ಲೋಗೋ ಇದ್ದ ಎರಡು ಪುಟ ತೆಗೆದೆ. ಅವು ನೋಡಲು ಚೆನ್ನಾಗಿದ್ದವು. ಆದರೆ ಅವುಗಳ ಬಗ್ಗೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಬಸ್ ಸ್ಟ್ಯಾಂಡ್ ಪುಟಗಳ ಬಗ್ಗೆ ಕೇಳಿದರೆ ಒಂದು ಗಂಟೆ ಮಾತಾಡಬಲ್ಲೆ. ಹಾಸನದ ಹೊಸ ಬಸ್ ನಿಲ್ದಾಣದಲ್ಲಿ ಕಂಡಕ್ಟರ್‌ಗಳು 'ಬೇಲೂರ್ ಬೇಲೂರ್, ಸಕ್ಲೇಶ್‌ಪುರ' ಅಂತ ಕೂಗುವುದನ್ನು ರೆಕಾರ್ಡ್ ಮಾಡಿ, ಬೋರ್ಡ್ ಓದಲು ಬಾರದ ಅಜ್ಜಿಯಂದಿರು ಆ ದನಿ ಹಿಡಿದು ಬಸ್ಸಿನ ಹತ್ತಿರ ಹೋಗುವ ದಾರಿಯನ್ನು ನಕ್ಷೆ ಮಾಡಿದ್ದೆ. ಅದು ಎರಡು ಎದುರುಬದುರು ಪುಟಗಳ ಮೇಲೆ ಹರಡಿತ್ತು. ಡಮ್ಮಿ ನೋಡಿದಾಗ ಗೊತ್ತಾಯಿತು, ಅರಸೀಕೆರೆ ಬಸ್ ನಿಲ್ಲುವ ಜಾಗ ಸರಿಯಾಗಿ ಮಡಿಕೆಯೊಳಗೆ ಹೋಗುತ್ತಿದೆ. ನಕ್ಷೆಯನ್ನು ಎಡಕ್ಕೆ ಸರಿಸಿದೆ.

ಬಣ್ಣದ ವಿಷಯದಲ್ಲೂ ಆತುರ ಮಾಡಲಿಲ್ಲ. ಪರದೆಯ ಮೇಲೆ ಹೊಳೆಯುವ ನೀಲಿ ಶಾಯಿಯಲ್ಲಿ ಹಾಗೇ ಬರುವುದಿಲ್ಲ ಅಂತ ಮೊದಲೇ ಹೇಳಿ, ಮೂರು ಫೋಟೋಗಳ ಒಂದೊಂದು ತುಂಡನ್ನು ಟೆಸ್ಟ್ ಪ್ರಿಂಟ್ ತೆಗೆದರು. ಗ್ಲಾಸಿ ಬೇಡ, ಟ್ಯೂಬ್‌ಲೈಟ್ ಕೆಳಗೆ ಹೊಳೆದು ಫೋಟೋನೇ ಕಾಣಲ್ಲ ಅಂದರು. ಒಳಗೆ 130 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಟ್, ಅಂದರೆ ಹೊಳಪಿಲ್ಲದ ಕಾಗದ, ಕವರ್‌ಗೆ 250. ಎ3 ಹಾಳೆಯ ಎರಡೂ ಕಡೆ ಪ್ರಿಂಟ್ ಮಾಡಿ ಮಡಚಿದರೆ ಎ4 ಪುಸ್ತಕ.

ಒಂದು ಹಾಳೆಗೆ ನಾಲ್ಕು ಪುಟ, ಹಾಗಾಗಿ 28 ಪುಟಕ್ಕೆ ಕವರ್ ಸೇರಿ ಏಳು ಹಾಳೆ. ಒಳಗಿನ ಹಾಳೆ ₹50ರಂತೆ ಆರಕ್ಕೆ ₹300, ಕವರ್ ₹70, ಪಿನ್ ಹೊಡೆದು ಕತ್ತರಿಸಲು ₹30. ಒಂದು ಪ್ರತಿಗೆ ₹400. ಮೂರು ಪ್ರತಿ, ಟೆಸ್ಟ್ ಪ್ರಿಂಟ್‌ಗೆ ₹40, ಒಟ್ಟು ₹1,240. ಬೆಂಗಳೂರಿಗೆ ಹೋಗಿ ಬರುವ ಒಂದು ದಿನ, ಊಟ, ಬಸ್ ಚಾರ್ಜ್ ಎಲ್ಲ ಉಳಿಯಿತು.

ಕೊರತೆಗಳೂ ಇವೆ. ಮಾರ್ಚ್‌ನಲ್ಲಿ ಮದುವೆ ಸೀಸನ್, ಅವರಿಗೆ ಮೊದಲು ಕಾರ್ಡ್. ಹೇಳಿದ ದಿನಕ್ಕಿಂತ ಒಂದು ದಿನ ತಡವಾಗಿ ಕೊಟ್ಟರು. ಸಂದರ್ಶನಕ್ಕೆ ಎರಡೇ ದಿನ ಇದ್ದಿದ್ದರೆ ನನಗೆ ತುಂಬಾ ಕಷ್ಟವಾಗುತ್ತಿತ್ತು. ಒಂದು ಪ್ರತಿಯಲ್ಲಿ ಕಟಿಂಗ್ ಓರೆಯಾಗಿ ಪುಟದ ನಂಬರ್ ಅರ್ಧ ಹೋಗಿತ್ತು. ತೋರಿಸಿದ ಕೂಡಲೇ ವಾಪಸ್ ತೆಗೆದುಕೊಂಡು ಬೇರೆ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ. ಗಟ್ಟಿ ರಟ್ಟಿನ ಬೈಂಡಿಂಗ್ ಮಾಡುವುದಿಲ್ಲ. ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ನಡೆದೇ ಹೋಗಿ.

ಹೋಗುವವರು ಕನಿಷ್ಠ ಒಂದು ವಾರ ಮುಂಚೆ ಹೋಗಿ. ಬೆಳಿಗ್ಗೆ ಗಿರಾಕಿಗಳು ಜಾಸ್ತಿ, ಮಧ್ಯಾಹ್ನ ಮೂರರ ಮೇಲೆ ಕೂತು ಮಾತಾಡಲು ಸಿಗುತ್ತಾರೆ. ಫೈಲಿನಲ್ಲಿ ಸುತ್ತ 3 ಮಿ.ಮೀ. ಬ್ಲೀಡ್ ಇರಲಿ, ಅಂದರೆ ಕತ್ತರಿಸಿದಾಗ ಬಿಳಿ ಅಂಚು ಉಳಿಯದಂತೆ ಚಿತ್ರವನ್ನು ಪುಟದ ಅಂಚಿನಾಚೆಗೂ ಚಾಚಿರಿ. ಫೋಟೋಗಳು 300 ಡಿಪಿಐ ಇರಲಿ.

ನನ್ನ ಮೂರನೇ ಪ್ರತಿ ಈಗ ಅವರ ಅಂಗಡಿಯಲ್ಲೇ ಇದೆ. ಲಗ್ನಪತ್ರಿಕೆ ಸ್ಯಾಂಪಲ್‌ಗಳ ಪಕ್ಕದಲ್ಲಿ ಇಟ್ಟಿದ್ದಾರೆ. ಪೇಪರ್ ಹೇಗಿರುತ್ತೆ, ಬಣ್ಣ ಹೇಗೆ ಬರುತ್ತೆ ಅಂತ ನೋಡಬೇಕಿದ್ದರೆ ಕೇಳಿ, ತೆಗೆದು ಕೊಡುತ್ತಾರೆ.