ಬೆಲ್ಲದ ಗೋಡೌನ್‌ನಲ್ಲಿ 4 ವರ್ಷ ದುಡಿದ ಸ್ಟ್ರಾಪಿಂಗ್ ಮಷಿನ್

ಮಂಡ್ಯದಲ್ಲಿ ನಮ್ಮದೊಂದು ಸಣ್ಣ ಬೆಲ್ಲ ಪ್ಯಾಕಿಂಗ್ ಘಟಕ. ಸುತ್ತಮುತ್ತಲ ಆಲೆಮನೆಗಳಿಂದ ಅಚ್ಚು ಬೆಲ್ಲ ತಂದು, ರಟ್ಟಿನ ಪೆಟ್ಟಿಗೆಗೆ ತುಂಬಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು ಲಾರಿಗೆ ಹಾಕುತ್ತೇವೆ. ಮೊದಲೆಲ್ಲ ಕೈಯಲ್ಲೇ ಪಟ್ಟಿ ಎಳೆದು ಕ್ಲಿಪ್ ಒತ್ತುತ್ತಿದ್ದೆವು. 4 ವರ್ಷದ ಹಿಂದೆ ಸೆಮಿ ಆಟೊಮ್ಯಾಟಿಕ್ ಸ್ಟ್ರಾಪಿಂಗ್ ಮಷಿನ್ ತಂದೆವು. ಟೇಬಲ್ ತರ ಇರುತ್ತಲ್ಲ, ಅದು. ಕಂಪನಿ ಹೆಸರು ಬರೆಯುವುದಿಲ್ಲ. ಈ ಜಾತಿಯ ಮಷಿನ್‌ಗಳ ಹೊಟ್ಟೆಯಲ್ಲಿ ಇರುವುದು ಹೆಚ್ಚು ಕಡಿಮೆ ಒಂದೇ.

ಕೆಲಸ ಸರಳ. ಪಟ್ಟಿಯನ್ನು ಪೆಟ್ಟಿಗೆ ಸುತ್ತ ತಂದು ತುದಿಯನ್ನು ಸೀಳಿನೊಳಗೆ ತೂರಿಸಬೇಕು. ಒಳಗಿನ ಚಿಕ್ಕ ಸ್ವಿಚ್‌ಗೆ ತುದಿ ತಾಗಿದ ಕೂಡಲೇ ಮಷಿನ್ ಅದನ್ನು ಕಚ್ಚಿ ಹಿಡಿದು, ಉಳಿದ ಪಟ್ಟಿಯನ್ನು ಹಿಂದಕ್ಕೆ ಎಳೆದು ಬಿಗಿಯುತ್ತದೆ. ಎರಡು ಪದರದ ನಡುವೆ ಕಾದ ಹೀಟರ್ ನಾಲಿಗೆ ನುಗ್ಗಿ ಹಿಂದೆ ಸರಿಯುತ್ತದೆ. ಪಟ್ಟಿ ಕತ್ತರಿಸಿ, ಒತ್ತಿ ಹಿಡಿದು ಬಿಡುತ್ತದೆ. ಎಲ್ಲ ಸೇರಿ 2-3 ಸೆಕೆಂಡ್.

ಮೊದಲ ವರ್ಷ ಒಂದು ದೂರೂ ಇರಲಿಲ್ಲ. ಎರಡನೇ ಬೇಸಿಗೆಯಲ್ಲಿ ಜಾಯಿಂಟ್ ಬಿಡಲು ಶುರುವಾಯಿತು. ನಾನು ಹೀಟರ್ ಗುಂಡಿ ತಿರುಗಿಸಿ ಬಿಸಿ ಜಾಸ್ತಿ ಮಾಡಿದೆ. ಹೊಗೆ ಬಂತು, ಪಟ್ಟಿ ಕರಗಿ ಕಪ್ಪಾಯಿತು. ಕಡಿಮೆ ಮಾಡಿದರೆ ಸಿಪ್ಪೆ ಸುಲಿದಂತೆ ಬಿಡುತ್ತದೆ. ಮೂರು ದಿನ ಹೀಗೇ ಒದ್ದಾಡಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ನೋಡಿದ್ದು ಮಷಿನ್ ಅಲ್ಲ, ವೋಲ್ಟೇಜ್. ಸುತ್ತ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ನಮ್ಮಲ್ಲಿ ಕರೆಂಟ್ ಸೊರಗುತ್ತಿತ್ತು. ಹೀಟರ್ ಬೆಳಿಗ್ಗೆ ಒಂದು ತರ, ಮಧ್ಯಾಹ್ನ ಇನ್ನೊಂದು ತರ. ಸ್ಟೆಬಿಲೈಸರ್ ಹಾಕಿಸಿದೆ, ಅರ್ತಿಂಗ್ ಸರಿ ಮಾಡಿಸಿದೆ, ಗುಂಡಿ ಮುಟ್ಟುವುದು ಬಿಟ್ಟೆ. ಈಗ ಬೆಳಿಗ್ಗೆ ಮೊದಲ ಎರಡು ಜಾಯಿಂಟ್ ಕೈಯಲ್ಲಿ ಎಳೆದು ನೋಡುತ್ತೇವೆ, ಅಷ್ಟೇ.

ಇನ್ನೊಂದು ತಪ್ಪು ಪೂರ್ತಿ ನನ್ನದು. ಕಿಲೋಗೆ ನಾಲ್ಕು ಕಾಸು ಉಳಿಯಲಿ ಅಂತ ಮರುಬಳಕೆ ಪ್ಲಾಸ್ಟಿಕ್‌ನ ಪಟ್ಟಿ ತಂದೆ. 12 ಎಂಎಂ ಅಂತ ಬರೆದಿತ್ತು, ಅಗಲ ಒಂದೊಂದು ಕಡೆ ಒಂದೊಂದು ತರ. ಉದ್ದಕ್ಕೆ ಸೀಳುತ್ತಿತ್ತು. ರೋಲರ್ ಮೇಲೆ ಬಿಳಿ ಪುಡಿ ಉದುರಿ ಒಳಗೆಲ್ಲ ತುಂಬಿಕೊಂಡಿತು. ಪಟ್ಟಿ ಜಾರುತ್ತಿದೆ ಅಂತ ನಮ್ಮ ಹುಡುಗ ಎಣ್ಣೆ ಬಿಟ್ಟ! ಎಣ್ಣೆ ಬೇಕಾದದ್ದು ತಿರುಗುತ್ತಾ ಬೇರೆ ಭಾಗಗಳನ್ನು ತಳ್ಳುವ ಕ್ಯಾಮ್‌ಗೆ, ಹಿಂದೆ ಮುಂದೆ ಓಡಾಡುವ ಭಾಗಕ್ಕೆ, ಅದೂ ಎರಡು ಹನಿ. ರೋಲರ್‌ಗೂ ಕ್ಲಚ್‌ಗೂ ಎಣ್ಣೆ ತಾಗಿದರೆ ಹಿಡಿತವೇ ಹೋಗುತ್ತದೆ. ಬಿಚ್ಚಿ ಒರೆಸಿ ಕೂಡಿಸಲು ಒಂದು ದಿನದ ಲೋಡ್ ನಿಂತಿತು. ಉಳಿಸಿದ ಕಾಸಿನ ಲೆಕ್ಕ ಕೇಳಬೇಡಿ.

ಇರುವೆ ವಿಚಾರ ಯಾವ ಮ್ಯಾನುಯಲ್‌ನಲ್ಲೂ ಇಲ್ಲ. ಬೆಲ್ಲದ ಪುಡಿ ಟೇಬಲ್ ಸೀಳಿನಿಂದ ಒಳಗೆ ಬೀಳುತ್ತದೆ, ಮಳೆಗಾಲದಲ್ಲಿ ನೀರೊಡೆದು ಅಂಟಾಗುತ್ತದೆ, ಇರುವೆ ಸಾಲು ಕಟ್ಟುತ್ತದೆ. ಒಂದು ದಿನ ಮಷಿನ್ ಅಲುಗಾಡಲೇ ಇಲ್ಲ. ಪ್ಯಾನಲ್ ತೆಗೆದರೆ ರಿಲೇ (ಕರೆಂಟಿನಿಂದಲೇ ಒತ್ತಿಕೊಳ್ಳುವ ಸ್ವಿಚ್) ಒಳಗೆ ಸತ್ತ ಇರುವೆಗಳ ರಾಶಿ. ಮನೆಯಲ್ಲಿ ಹಾಲಿನ ಪಾತ್ರೆಗೆ ಮಾಡುವಂತೆ ಚಕ್ರದ ಕೆಳಗೆ ನೀರಿನ ತಟ್ಟೆ ಇಡೋಣ ಅಂದೆ. ಕರೆಂಟ್ ಮಷಿನ್ ಕೆಳಗೆ ನೀರಾ ಅಂತ ಎಲೆಕ್ಟ್ರಿಷಿಯನ್ ಬೈದ. ಸರಿಯಾಗೇ ಬೈದ. ಈಗ ಸಂಜೆ ಪ್ಲಗ್ ಕಿತ್ತು, ಟೇಬಲ್ ಮೇಲಿನ ಮುಚ್ಚಳ ಎತ್ತಿ, ಬ್ರಷ್‌ನಿಂದ ಪುಡಿ ತೆಗೆದು ಒಣ ಬಟ್ಟೆಯಲ್ಲಿ ಒರೆಸುತ್ತೇವೆ. ಹೀಟರ್ ನಾಲಿಗೆಗೆ ಅಂಟಿದ್ದನ್ನು ಹಿತ್ತಾಳೆ ಬ್ರಷ್‌ನಿಂದ ಉಜ್ಜುತ್ತೇವೆ. ಸ್ವಿಚ್ ಆರಿಸಿದ ಮೇಲೂ ಅದು ಸುಮಾರು ಹೊತ್ತು ಸುಡುತ್ತಿರುತ್ತದೆ, ಹಾಗಾಗಿ ಟೀ ಕುಡಿದು ಬಂದು ಆಮೇಲೆ.

ಪೆಟ್ಟಾಗಿದ್ದು ನನಗೇ, ಅದೂ ಮಷಿನ್ ನಿಂತಿದ್ದಾಗ. ವಾಪಸ್ ಬಂದ ಪೆಟ್ಟಿಗೆಯ ಪಟ್ಟಿಯನ್ನು ಮುಖ ಬಗ್ಗಿಸಿಕೊಂಡು ಕತ್ತರಿಸಿದೆ. ಬಿಗಿದಿದ್ದ ಪಟ್ಟಿ ಛಟ್ ಅಂತ ಹಾರಿ ಹುಬ್ಬಿಗೆ ಹೊಡೆಯಿತು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು. ಅಂದಿನಿಂದ ಕನ್ನಡಕ ಹಾಕದೆ ಯಾರೂ ಕತ್ತರಿ ಮುಟ್ಟುವಂತಿಲ್ಲ. ಒಂದು ಕೈಯಲ್ಲಿ ಪಟ್ಟಿ ಅದುಮಿ ಹಿಡಿದು, ಪಕ್ಕಕ್ಕೆ ನಿಂತು ಕತ್ತರಿಸಬೇಕು. ಮಷಿನ್ ಓಡುವಾಗ ಪಟ್ಟಿ ಮತ್ತು ಪೆಟ್ಟಿಗೆ ನಡುವೆ ಬೆರಳು ಇಡಬಾರದು, ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು. ಒಂದು ಮಷಿನ್‌ಗೆ ಒಬ್ಬರೇ. ಇಬ್ಬರು ನಿಂತರೆ ಒಬ್ಬರು ಸರಿಪಡಿಸುವಾಗ ಇನ್ನೊಬ್ಬರು ತುದಿ ತೂರಿಸಿಬಿಡುತ್ತಾರೆ. ಸಿಕ್ಕಿಕೊಂಡ ತುಂಡು ತೆಗೆಯುವಾಗ ಪ್ಲಗ್ ಕೀಳಲೇಬೇಕು. ಸೀಳಿನೊಳಗಿನ ಆ ಚಿಕ್ಕ ಸ್ವಿಚ್‌ಗೆ ಪಟ್ಟಿ ಯಾವುದು ಬೆರಳು ಯಾವುದು ಅಂತ ಗೊತ್ತಾಗುವುದಿಲ್ಲ ಅಲ್ವಾ?

ದೂರದ ಊರಿಗೆ ಪ್ಯಾಲೆಟ್ (ಪೆಟ್ಟಿಗೆ ಪೇರಿಸುವ ಅಡಿಹಲಗೆ) ಪೂರ್ತಿ ಹೋಗುವ ಲೋಡ್‌ಗೆ ಈ ಪಟ್ಟಿ ಸಾಲದು. ದಿನ ಕಳೆದಂತೆ ಸಡಿಲವಾಗುತ್ತದೆ. ಅದಕ್ಕೆ ಪಾಲಿಯೆಸ್ಟರ್ ಕಾರ್ಡ್ ಸ್ಟ್ರಾಪ್ (ನೂಲೆಳೆಗಳ ಪಟ್ಟಿ), ತುದಿ ಸಿಕ್ಕಿಸಲು ತಂತಿ ಬಕಲ್, ಎಳೆದು ಬಿಗಿಯಲು ಕೈ ಟೆನ್ಷನರ್ ಇಟ್ಟುಕೊಂಡಿದ್ದೇವೆ. ನಿಧಾನ, ಆದರೆ ಗಟ್ಟಿ.

ದಿನಕ್ಕೆ ಮೂವತ್ತು ನಲವತ್ತು ಪೆಟ್ಟಿಗೆ ಮಾಡುವವರು ಸುಮ್ನೆ ಮಷಿನ್‌ಗೆ ದುಡ್ಡು ಹಾಕಬೇಡಿ, ಕೈ ಉಪಕರಣ ಸಾಕು. ನಮ್ಮಲ್ಲಿ ಇನ್ನೂರು ದಾಟುತ್ತದೆ, ನಮಗೆ ಬೇಕೇ ಬೇಕು. 5ಕ್ಕೆ 4 ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಮಾರಿದವರ ಸರ್ವಿಸ್‌ಗೆ. ಕತ್ತರಿಸುವ ಬ್ಲೇಡ್ ಮೊಂಡಾಗಿದೆ, ಹೊಸದು ಕಳಿಸಿ ಅಂತ ಫೋನ್ ಮಾಡಿ ಹತ್ತು ದಿನವಾಯಿತು. ನಾಳೆ ಬರುತ್ತದೆ ಅನ್ನುತ್ತಿದ್ದಾರೆ.