ಫೌಂಡ್ರಿ ವಿಟಿಟಿ: ನಾಲ್ಕು ವರ್ಷ ಪಾತ್ರಗಳನ್ನು ಸಿದ್ಧಪಡಿಸಿದ ಮೇಲೆ

ಫೌಂಡ್ರಿ ವಿಟಿಟಿ ಎಂದರೆ ಪಾತ್ರ ವಹಿಸಿ ಆಡುವ ಮೇಜಿನ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಪ್ರೋಗ್ರಾಂ. ನಮ್ಮ ಗುಂಪು ಅದರಲ್ಲಿ ಆಡಲು ಶುರುಮಾಡಿ ನಾಲ್ಕು ವರ್ಷ ದಾಟಿತು. ಆಟ ನಡೆಸುವುದು ನಾನು, ಅಂದರೆ ನಾನೇ ಜಿಎಂ. ಜೊತೆಗೆ ಐವರು ಆಟಗಾರರು. ಆಡುವುದು ಹೆಚ್ಚಾಗಿ ದಾಳ ಹಾಕುತ್ತ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿ. ಕಥೆಯಲ್ಲಿ ಸತ್ತ ಪಾತ್ರಗಳು, ನಡುವೆ ಬಿಟ್ಟುಹೋದವರ ಪಾತ್ರಗಳು, ಹೊಸದಾಗಿ ಸೇರಿದವರ ಪಾತ್ರಗಳು ಎಲ್ಲ ಲೆಕ್ಕ ಹಾಕಿದರೆ ಪಾತ್ರದ ವಿವರಗಳೆಲ್ಲ ಇರುವ ಇಪ್ಪತ್ತಕ್ಕಿಂತ ಹೆಚ್ಚು ಶೀಟ್‌ಗಳನ್ನು ಇಲ್ಲಿ ಸಿದ್ಧಪಡಿಸಿದ್ದೇನೆ. ಮ್ಯಾಪ್, ಬೆಳಕು, ಸಂಗೀತದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಹಾಗಾಗಿ ಈ ವಿಮರ್ಶೆಯನ್ನು ಆಟಗಾರರ ಪಾತ್ರವನ್ನು ಒಳಗೆ ತರುವ ಕೆಲಸಕ್ಕೇ ಮೀಸಲಿಡುತ್ತೇನೆ. ಹೊಸಬರು ಮುಂದಿನ ವಾರ ಮತ್ತೆ ಬರುತ್ತಾರೋ ಇಲ್ಲವೋ ಎನ್ನುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ ಎಂದು ನಾನು ನಂಬಿದ್ದೇನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಫೌಂಡ್ರಿ ಸಾರ್ವಜನಿಕರಿಗೆ ಬಂದದ್ದು 2020ರಲ್ಲಿ. ಜಿಎಂ ಒಬ್ಬರು ಒಮ್ಮೆ ಲೈಸೆನ್ಸ್ ಕೊಂಡರೆ ಸಾಕು, ಆಟಗಾರರಿಗೆ ಬ್ರೌಸರ್ ಇದ್ದರಾಯಿತು. ಆದರೆ ಎಲ್ಲವೂ ಓಡುವುದು ಜಿಎಂ ಕಂಪ್ಯೂಟರಿನಲ್ಲಿ, ಇಲ್ಲವೇ ಅವರು ಗೊತ್ತುಮಾಡಿಕೊಂಡ ಸರ್ವರಿನಲ್ಲಿ. ನನ್ನ ಕಂಪ್ಯೂಟರ್ ಆಫ್ ಆಗಿದ್ದರೆ ಯಾರೂ ತಮ್ಮ ಶೀಟ್ ತೆರೆದು ನೋಡುವಂತಿಲ್ಲ. ವಾರದ ಮಧ್ಯೆ ಬಿಡುವಾದಾಗ ಪಾತ್ರದ ಮೇಲೆ ಕೆಲಸ ಮಾಡಲು ಇಷ್ಟಪಡುವವರಿಗೆ ಇದು ನಿಜವಾದ ಕೊರತೆ.

ಮೊದಲ ದಿನ ಆಟಗಾರರಿಗೆ ಗೊಂದಲವಾಗುವುದು ಪಾತ್ರವನ್ನು ಎಲ್ಲಿಂದ ಶುರುಮಾಡಬೇಕು ಎನ್ನುವಲ್ಲಿ. ಸಾಮಾನ್ಯ ಆಟಗಾರರಿಗೆ ಹೊಸ ಪಾತ್ರ ತೆರೆಯುವ ಅನುಮತಿ ಆರಂಭದಲ್ಲಿ ಇರುವುದಿಲ್ಲ. ಸೆಟಿಂಗ್ಸ್‌ನಲ್ಲಿ ಅದನ್ನು ಕೊಡಬಹುದು, ನಾನು ಕೊಡುವುದಿಲ್ಲ. ಖಾಲಿ ಶೀಟ್ ತೆರೆದು, ಹೆಸರಿಟ್ಟು, ಓನರ್‌ಶಿಪ್‌ನಲ್ಲಿ ಆ ಆಟಗಾರರ ಹೆಸರಿನ ಮುಂದೆ ಓನರ್ ಎಂದು ಹಾಕಿ ಅವರ ಕೈಗೆ ಒಪ್ಪಿಸುತ್ತೇನೆ. ಇಷ್ಟಕ್ಕೇ ಮುಗಿಯಿತು ಎಂದು ಬಹಳ ದಿನ ಅಂದುಕೊಂಡಿದ್ದೆ, ಆದರೆ ಇನ್ನೊಂದು ಹೆಜ್ಜೆ ಬಾಕಿ ಇರುತ್ತದೆ. ಪರದೆಯ ಮೂಲೆಯಲ್ಲಿರುವ ಆಟಗಾರರ ಪಟ್ಟಿಯಲ್ಲಿ ತಮ್ಮ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಇದು ನನ್ನ ಪಾತ್ರ ಎಂದು ಆರಿಸಿಕೊಳ್ಳಬೇಕು. ಆರಿಸಿಕೊಂಡ ಮೇಲೆ ಕೀಬೋರ್ಡಿನಲ್ಲಿ ಸಿ ಒತ್ತಿದರೆ ಶೀಟ್ ತೆರೆಯುತ್ತದೆ, ಚಾಟ್‌ನಲ್ಲಿ ಬರೆದದ್ದು ಪಾತ್ರದ ಹೆಸರಿನಲ್ಲಿ ಬರುತ್ತದೆ. ಈ ಹೆಜ್ಜೆ ಬಿಟ್ಟುಹೋದರೆ ಆಟಗಾರರು ಇಡೀ ರಾತ್ರಿ ತಮ್ಮ ಶೀಟ್ ಹುಡುಕುತ್ತಲೇ ಇರುತ್ತಾರೆ.

ಪಾತ್ರದ ಬಲ, ಬುದ್ಧಿ ಮುಂತಾದ ಆರು ಗುಣಗಳ ಅಂಕಗಳಿಗೆ ನಾವು ದಾಳವನ್ನೇ ನೆಚ್ಚಿಕೊಂಡಿದ್ದೇವೆ. ಆರು ಮುಖದ ನಾಲ್ಕು ದಾಳ ಹಾಕಿ, ಅತಿ ಚಿಕ್ಕದನ್ನು ಬಿಟ್ಟು, ಉಳಿದ ಮೂರನ್ನು ಕೂಡುವುದು; ಹೀಗೆ ಆರು ಸಲ. ಎಲ್ಲರೂ ಸೇರಿದಾಗಲೇ ಚಾಟ್‌ನಲ್ಲಿ ಹಾಕಬೇಕು ಎನ್ನುವುದು ನಮ್ಮ ನಿಯಮ. 15, 14, 13, 12, 10, 8 ಎಂಬ ಸಿದ್ಧ ಅಂಕಗಳೂ ಇವೆ, 27 ಪಾಯಿಂಟ್ ಹಂಚಿಕೊಳ್ಳುವ ಪದ್ಧತಿಯೂ ಇದೆ, ಎರಡೂ ನ್ಯಾಯವಾದವೇ. ಆದರೆ ಐದನೇ ಸಲ 17 ಬಿದ್ದಾಗ ಐದೂ ಜನ ಒಟ್ಟಿಗೆ ಕೂಗಿದ್ದು, ಆರನೇ ಸಲ 6 ಬಿದ್ದಾಗ ಆಟಗಾರ್ತಿ ಒಂದು ಕ್ಷಣ ಸುಮ್ಮನಿದ್ದು ‘ಹಾಗಾದ್ರೆ ಇವಳಿಗೆ ಓದು ಬರಹ ಬರಲ್ಲ’ ಎಂದದ್ದು ನನಗೆ ಇನ್ನೂ ನೆನಪಿದೆ. ಆ ಒಂದು ಮಾತಿನಿಂದ ಹುಟ್ಟಿದ ಪಾತ್ರದ ಕಥೆ ಎರಡು ವರ್ಷ ನಡೆಯಿತು.

ಅಂಕ ತುಂಬಿದ ಮೇಲಿನ ಕೆಲಸದಲ್ಲಿ ಫೌಂಡ್ರಿಗೆ ಪೂರ್ತಿ ಮೆಚ್ಚುಗೆ ಸಲ್ಲಬೇಕು. ಕಾಂಪೆಂಡಿಯಂನಿಂದ, ಅಂದರೆ ಒಳಗೇ ಇರುವ ಸಂಗ್ರಹದಿಂದ, ರೇಸ್ (ಕುಲ), ಬ್ಯಾಕ್‌ಗ್ರೌಂಡ್ (ಹಿನ್ನೆಲೆ), ಕ್ಲಾಸ್‌ಗಳನ್ನು (ಫೈಟರ್, ವಿಝರ್ಡ್, ರೋಗ್, ಕ್ಲೆರಿಕ್‌ನಂಥ ವೃತ್ತಿ) ಎಳೆದು ಶೀಟಿನ ಮೇಲೆ ಬಿಟ್ಟರೆ ಮುಂದಿನದನ್ನು ಅದೇ ಕೇಳಿಕೊಂಡು ಹೋಗುತ್ತದೆ. ಫೈಟರ್ ಎಂದು ಬಿಟ್ಟರೆ ಯಾವ ಎರಡು ಸ್ಕಿಲ್ ಬೇಕು ಎಂದು ಕೇಳುತ್ತದೆ. ಮೊದಲ ಲೆವೆಲ್‌ನ ಹಿಟ್ ಪಾಯಿಂಟ್ (ಪಾತ್ರದ ಪ್ರಾಣದ ಅಂಕ) 10, ಅದಕ್ಕೆ ಕಾನ್‌ಸ್ಟಿಟ್ಯೂಷನ್ ಬೋನಸ್ ಸೇರಿಸಿ ತಾನೇ ಬರೆದುಕೊಳ್ಳುತ್ತದೆ. ಮುಂದಿನ ಲೆವೆಲ್‌ಗೆ ಏರುವಾಗ ಸರಾಸರಿ 6 ತೆಗೆದುಕೊಳ್ಳುತ್ತೀರೋ, ದಾಳ ಹಾಕುತ್ತೀರೋ ಎಂದು ಕೇಳುತ್ತದೆ. ಸ್ಟ್ರೆಂತ್ 16 ಇದ್ದರೆ ಬೋನಸ್ 3, ಪ್ರೊಫಿಷಿಯೆನ್ಸಿ (ಪಳಗಿದ ಕೈಗೆ ಸಿಗುವ ಬೋನಸ್) 2, ಒಟ್ಟು ಹೊಡೆತಕ್ಕೆ 5 ಎಂಬ ಲೆಕ್ಕವನ್ನು ಯಾರೂ ಬೆರಳು ಮಡಚಿ ಎಣಿಸಬೇಕಾಗಿಲ್ಲ.

ನನ್ನ ತಕರಾರು ಹುಟ್ಟುವುದೂ ಇಲ್ಲೇ. ಲೆಕ್ಕ ತಾನಾಗಿ ಆಗುವುದರಿಂದ ಹೊಸಬರಿಗೆ ಆ 5 ಎಲ್ಲಿಂದ ಬಂತು ಎಂದು ತಿಳಿಯುವುದೇ ಇಲ್ಲ. ತಿಳಿಯದಿದ್ದರೆ ತಪ್ಪಿದ್ದಾಗ ಕಣ್ಣಿಗೆ ಬೀಳುವುದೂ ಇಲ್ಲ. ಒಬ್ಬ ಹೊಸ ಆಟಗಾರ ತನ್ನ ಫೈಟರ್‌ಗೆ ಚೈನ್ ಮೇಲ್ ಕವಚ, ಗುರಾಣಿ ಎರಡನ್ನೂ ಶೀಟಿಗೆ ಹಾಕಿಕೊಂಡಿದ್ದ. ಮೊದಲ ಕಾಳಗದಲ್ಲಿ ಗಾಬ್ಲಿನ್ ಬಿಟ್ಟ ಬಾಣ ಒಟ್ಟು 14 ಬಂತು. ಶೀಟಿನಲ್ಲಿ ಅವನ ಎಸಿ, ಅಂದರೆ ಹೊಡೆತ ನಾಟಲು ಮುಟ್ಟಬೇಕಾದ ಅಂಕ, 11 ಎಂದು ಇತ್ತು, ಬಾಣ ನಾಟಿತು. ಮುಂದಿನ ಸುತ್ತಿನಲ್ಲೂ ನಾಟಿತು, ಪಾತ್ರ ನೆಲಕ್ಕೆ ಬಿತ್ತು. ಚೈನ್ ಮೇಲ್‌ಗೆ 16, ಗುರಾಣಿಗೆ 2, ಅವನ ಎಸಿ 18 ಇರಬೇಕಿತ್ತು. ಎರಡೂ ಚೀಲದಲ್ಲಿದ್ದವು, ಧರಿಸಿದ್ದೇನೆ ಎಂಬ ಗುರುತನ್ನು ಯಾರೂ ಒತ್ತಿರಲಿಲ್ಲ. ಪ್ರೋಗ್ರಾಂ ತನಗೆ ಹೇಳಿದ್ದನ್ನು ಸರಿಯಾಗಿಯೇ ಮಾಡಿತ್ತು. ಪಕ್ಕದಲ್ಲಿ ಕೂತು ಹೇಳಿಕೊಡಬೇಕಾಗಿದ್ದವನು ನಾನು. ಅಂದಿನಿಂದ ಯಾರ ಮೊದಲ ಪಾತ್ರವೇ ಆಗಲಿ, ಒಂದು ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಎಸಿ, ಹಿಟ್ ಪಾಯಿಂಟ್, ಹೊಡೆತದ ಬೋನಸ್ ಮೂರನ್ನೂ ಅವರಿಂದಲೇ ಲೆಕ್ಕ ಹಾಕಿಸಿ, ಆಮೇಲೆ ಶೀಟಿನೊಂದಿಗೆ ಹೋಲಿಸಿ ನೋಡಿಸುತ್ತೇನೆ. ಹತ್ತು ನಿಮಿಷದ ಕೆಲಸ.

ಪುಸ್ತಕಗಳ ವಿಷಯವನ್ನೂ ಹೇಳಬೇಕು. ಜೊತೆಯಲ್ಲಿ ಉಚಿತವಾಗಿ ಬರುವುದು ಎಸ್‌ಆರ್‌ಡಿಯಲ್ಲಿ, ಅಂದರೆ ಪ್ರಕಾಶಕರು ಎಲ್ಲರ ಬಳಕೆಗೆ ಬಿಟ್ಟ ನಿಯಮಗಳ ಕಡತದಲ್ಲಿ, ಇರುವಷ್ಟು ಮಾತ್ರ. ನಾವು ಬಳಸುತ್ತಿದ್ದ ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಲೈಸೆನ್ಸ್ ಅಡಿಯಲ್ಲಿ ಬಿಟ್ಟಾಗ ನಾವೆಲ್ಲ ಸಂಭ್ರಮಪಟ್ಟೆವು, ಆದರೆ ಅದರಲ್ಲಿ ಪ್ರತಿ ಕ್ಲಾಸ್‌ಗೆ ಒಂದೇ ಉಪಕ್ಲಾಸ್, ಅಕೊಲೈಟ್ ಎಂಬ ಒಂದೇ ಬ್ಯಾಕ್‌ಗ್ರೌಂಡ್. ಬೇರೆ ಪುಸ್ತಕದಿಂದ ಪಾತ್ರ ತರುವವರು ಪ್ರತ್ಯೇಕವಾಗಿ ಕೊಳ್ಳಬೇಕು, ಇಲ್ಲವೇ ಕೈಯಿಂದ ತುಂಬಬೇಕು. ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಎರಡನೇ ಆವೃತ್ತಿ ಆಡುವವರಿಗೆ ಈ ಚಿಂತೆ ಇಲ್ಲ, ಅದರ ನಿಯಮಗಳೆಲ್ಲ ಆ ಆಟಕ್ಕೆಂದು ಫೌಂಡ್ರಿಯಲ್ಲಿರುವ ಸಿಸ್ಟಮ್‌ನಲ್ಲೇ (ನಿಯಮಗಳ ಪ್ಯಾಕೇಜಿನಲ್ಲೇ) ಸಿಗುತ್ತವೆ. ಕೈಯಿಂದ ತುಂಬುವ ಬೇಸರಕ್ಕೆ ಒಮ್ಮೆ ಬೇರೆಯವರು ಮಾಡಿದ ಆಮದು ಮಾಡ್ಯೂಲ್ ಒಂದನ್ನು ಹಾಕಿಕೊಂಡೆ. ವರ್ಷನ್ ಬದಲಾದ ವಾರವೇ ಅದು ಕೆಟ್ಟು, ವಿಝರ್ಡ್ ಒಬ್ಬನ ಮಂತ್ರಗಳೆಲ್ಲ ಎರಡೆರಡು ಸಲ ಕಾಣಿಸತೊಡಗಿದವು. ಈಗ ಅಪ್‌ಡೇಟ್‌ಗೆ ಮೊದಲು ಪ್ರತಿ ಪಾತ್ರದ ಮೇಲೂ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಡೇಟಾ ಒತ್ತಿ ಫೈಲ್ ತೆಗೆದಿಟ್ಟುಕೊಳ್ಳುತ್ತೇನೆ. 11ನೇ ವರ್ಷನ್‌ನಿಂದ ಬ್ಯಾಕಪ್ ಸೌಲಭ್ಯವೂ ಸೇರಿದೆ, ಅದನ್ನೂ ಬಿಡುವುದಿಲ್ಲ.

ಶೀಟ್ ಮುಗಿದರೆ ಅರ್ಧ ಕೆಲಸ ಮುಗಿದಂತೆ, ಉಳಿದರ್ಧ ಟೋಕನ್‌ನದು. ಮ್ಯಾಪ್ ಮೇಲೆ ಓಡಾಡುವುದು ಶೀಟಲ್ಲ, ಟೋಕನ್. ನಾವು ಶುರುಮಾಡಿದ ಕಾಲದಲ್ಲಿ ಎಲ್ಫ್‌ನ ಶೀಟಿನಲ್ಲಿ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) 60 ಅಡಿ ಎಂದಿದ್ದರೂ ಟೋಕನ್‌ಗೆ ಅದನ್ನು ಬೇರೆಯಾಗಿ ತುಂಬಬೇಕಿತ್ತು. ಪಾಪ, ಆ ಆಟಗಾರ್ತಿ ಅರ್ಧ ಗಂಟೆ ಕಪ್ಪು ಪರದೆ ನೋಡುತ್ತ ತನ್ನ ಇಂಟರ್ನೆಟ್ಟೇ ಹೋಗಿದೆ ಎಂದುಕೊಂಡಿದ್ದಳು.

ಅನುಮತಿಗೂ ನೋಟಕ್ಕೂ ಇರುವ ನಂಟು ಗೊತ್ತಾಗಲು ನನಗೆ ಇನ್ನೂ ಹೆಚ್ಚು ಕಾಲ ಹಿಡಿಯಿತು. ಒಬ್ಬರ ಶೀಟ್ ಇನ್ನೊಬ್ಬರು ಓದಲಿ ಎಂದು ಎಲ್ಲರಿಗೂ ಎಲ್ಲ ಪಾತ್ರಗಳ ಮೇಲೆ ಅಬ್ಸರ್ವರ್ ಎಂಬ, ನೋಡಲು ಮಾತ್ರ ಬಿಡುವ ಅನುಮತಿ ಕೊಟ್ಟಿದ್ದೆ. ರೋಗ್ ಒಬ್ಬಳೇ ಮುಂದೆ ಹೋಗಿ ಬಾಗಿಲಾಚೆ ಇಣುಕಿದಳು. ಅಲ್ಲಿ ಏನಿದೆ ಎಂದು ಅವಳು ಬಂದು ಹೇಳುವ ಮೊದಲೇ ಹಿಂದಿದ್ದವರು ಮಾತಾಡಿಕೊಳ್ಳುತ್ತಿದ್ದರು. ಅಬ್ಸರ್ವರ್ ಆದವರಿಗೆ ಆ ಪಾತ್ರದ ಟೋಕನ್‌ಗೆ ಕಾಣುವುದೆಲ್ಲ ಕಾಣುತ್ತದೆ. ತಮ್ಮದೇ ಟೋಕನ್ ಆರಿಸಿಕೊಂಡಿದ್ದರೆ ಮಾತ್ರ ನೋಟ ತಮ್ಮದಕ್ಕೆ ಸೀಮಿತವಾಗುತ್ತದೆ. ಒಟ್ಟಿಗೆ ನೋಡುವುದನ್ನು ಇಷ್ಟಪಡುವ ಗುಂಪುಗಳಿಗೆ ಇದು ಅನುಕೂಲ. ನಮ್ಮ ಗುಂಪಿಗೆ ಒಬ್ಬರು ಕಂಡದ್ದನ್ನು ಬಾಯಲ್ಲಿ ಬಣ್ಣಿಸುವುದರಲ್ಲೇ ಆಟವಿದೆ, ಅದಕ್ಕೆ ಬಯಾಗ್ರಫಿಯಂಥ ಸ್ವಲ್ಪ ಭಾಗ ಮಾತ್ರ ಕಾಣುವ ಲಿಮಿಟೆಡ್‌ಗೆ ಇಳಿಸಿದೆ. ಪಾತ್ರದ ಗುಟ್ಟುಗಳನ್ನು ಬಯಾಗ್ರಫಿಯಲ್ಲಿ ಬರೆಯಬೇಡಿ, ಆ ಆಟಗಾರರಿಗೆ ಮಾತ್ರ ಕಾಣುವ ಜರ್ನಲ್ ಪುಟದಲ್ಲಿ ಬರೆಯಿರಿ ಎಂದೂ ಹೇಳುತ್ತೇನೆ.

ಇನ್ನು ಲಿಂಕ್ ಆಕ್ಟರ್ ಡೇಟಾ. ಈ ಒಂದು ಗುರುತು ಇದ್ದರೆ ಎಲ್ಲ ಮ್ಯಾಪ್‌ಗಳಲ್ಲಿರುವ ಟೋಕನ್ನೂ ಶೀಟೂ ಒಂದೇ. ಇಲ್ಲದಿದ್ದರೆ ಪ್ರತಿ ಟೋಕನ್‌ಗೂ ತನ್ನದೇ ಪ್ರತಿ. ಹತ್ತು ಗಾಬ್ಲಿನ್‌ಗಳಿಗೆ ಹತ್ತು ಬೇರೆ ಹಿಟ್ ಪಾಯಿಂಟ್ ಬೇಕು, ಹಾಗಾಗಿ ಅವಕ್ಕೆ ಲಿಂಕ್ ಇರಬಾರದು. ಕ್ಯಾರೆಕ್ಟರ್ ಎಂಬ ಬಗೆಯಲ್ಲಿ ತೆರೆದ ಪಾತ್ರಕ್ಕೆ ಈ ಸಿಸ್ಟಮ್ ತಾನೇ ಲಿಂಕ್ ಹಾಕುತ್ತದೆ. ಆದರೆ ನಮ್ಮ ಕಥೆಯಲ್ಲಿ ಸೆರೆಯಿಂದ ಬಿಡಿಸಿದ ಗಾಬ್ಲಿನ್ ಒಂದು ಎಲ್ಲರನ್ನೂ ಹಚ್ಚಿಕೊಂಡಿತು, ಹೊಸದಾಗಿ ಬಂದ ಹುಡುಗ ಅದನ್ನೇ ಆಡುತ್ತೇನೆ ಎಂದ. ಖುಷಿಯಲ್ಲಿ ಅದೇ ಎನ್‌ಪಿಸಿ (ಜಿಎಂ ನಡೆಸುವ ಪಾತ್ರ) ಶೀಟಿಗೆ ಅವನನ್ನು ಓನರ್ ಮಾಡಿಬಿಟ್ಟೆ. ಗುಹೆಯ ಕಾಳಗದಲ್ಲಿ ಅದರ 7 ಹಿಟ್ ಪಾಯಿಂಟ್ 2ಕ್ಕೆ ಇಳಿಯಿತು. ಕ್ಲೆರಿಕ್ ತನ್ನ ಬೆಳ್ಳಿಯ ಉಂಗುರ ತೆಗೆದು, ನೀನೂ ನಮ್ಮವನೇ ಎಂದು ಅದಕ್ಕೆ ತೊಡಿಸಿದಳು. ಮುಂದಿನ ವಾರ ಹೊಸ ಮ್ಯಾಪ್. ಹುಡುಗ ಗಾಬ್ಲಿನ್‌ನನ್ನು ಎಳೆದು ಇಟ್ಟ. ಹಿಟ್ ಪಾಯಿಂಟ್ ಮತ್ತೆ 7, ಉಂಗುರ ಇಲ್ಲ. ‘ಉಂಗುರ ಎಲ್ಲಿ ಹೋಯ್ತು?’ ಎಂದು ಅವನು ಕೇಳಿದ ದನಿ ಕೇಳಿ ನನಗೆ ಬಹಳ ಕೆಟ್ಟದೆನಿಸಿತು. ಆಟ ನಿಲ್ಲಿಸಿ ಗುಹೆಯ ಮ್ಯಾಪ್‌ಗೆ ವಾಪಸ್ ಹೋಗಿ, ಅಲ್ಲಿ ನಿಂತಿದ್ದ ಹಳೆಯ ಟೋಕನ್ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಉಂಗುರ ಅದರ ಚೀಲದಲ್ಲೇ ಇತ್ತು. ಕ್ಯಾರೆಕ್ಟರ್ ಬಗೆಯ ಹೊಸ ಶೀಟ್ ತೆರೆದು, ಉಂಗುರವನ್ನು ಎಳೆದು ಅದಕ್ಕೆ ಹಾಕಿ, ಲಿಂಕ್ ಗುರುತು ಇದೆಯೇ ಎಂದು ಎರಡು ಸಲ ನೋಡಿ ಅವನ ಕೈಗೆ ಕೊಟ್ಟೆ.

ಯಾರಿಗೆ ಶಿಫಾರಸು ಮಾಡುತ್ತೇನೆ? ತಿಂಗಳುಗಟ್ಟಲೆ ಒಂದೇ ಕಥೆ ಆಡುವ ಗುಂಪಿಗೆ, ತಾಳ್ಮೆಯಿಂದ ಕಲಿಯಲು ಸಿದ್ಧವಿರುವ ಜಿಎಂ ಒಬ್ಬರು ಇದ್ದರೆ, ಕಣ್ಣುಮುಚ್ಚಿ ಹೇಳುತ್ತೇನೆ. ಒಂದೇ ರಾತ್ರಿಯ ಆಟಕ್ಕೆ ಇದು ಬೇಡ. ಸಿದ್ಧತೆಗೇ ಆಟಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ. ಐದರಲ್ಲಿ ನಾಲ್ಕು ಅಂಕ. ಹೊಸಬರ ಪಾತ್ರಕ್ಕೆ ಮೊದಲ ಆಟದ ಹಿಂದಿನ ದಿನ ಒಂದು ಗಂಟೆ ಎತ್ತಿಡಿ, ಅವರ ಜೊತೆ ಕೂತೇ ತುಂಬಿ. ಕೊನೆಗೆ ಅವರ ಲಾಗಿನ್‌ನಿಂದಲೇ ಖಾಲಿ ಮ್ಯಾಪ್ ಒಂದರಲ್ಲಿ ಟೋಕನ್ ನಡೆಸಲು ಹೇಳಿ. ಸಿ ಒತ್ತಲಿ, ಒಂದು ಬಾಣ ಬಿಡಲಿ, ತಮ್ಮ ಹಿಟ್ ಪಾಯಿಂಟ್ ಒಂದು ಇಳಿಸಿ ಶೀಟಿನಲ್ಲೂ ಇಳಿಯಿತೇ ಎಂದು ನೋಡಲಿ. ನಾಳೆ ಎಲ್ಲರೂ ಕಾಯುತ್ತಿರುವಾಗ ಹುಡುಕಬೇಕಾದದ್ದು ಇವತ್ತೇ ಕಣ್ಣಿಗೆ ಬೀಳುತ್ತದೆ.